ರಸಾಯನ ಶಾಸ್ತ್ರಜ್ಞ ಗಿಲ್ಬರ್ಟ್ ನ್ಯೂಟನ್ ಲೂಯಿಸರು

ನಾವು ಪ್ರತಿದಿನವೂ ಅಡಿಗೆಗೆ ಬಳಸುವ ಉಪ್ಪು ಎರಡು ಮೂಲವಸ್ತುಗಳ ಸಂಯೋಗದಿಂದ ಆದುದು. ಅವುಗಳಲ್ಲಿ ಸೋಡಿಯಂ ಎಂಬುದು ನೀರನ್ನು ಸೋಕಿದೊಡನೆ ಭರದಿಂದ ಉರಿದು ಸಿಡಿಯುವ ಲೋಹ. ಕ್ಲೋರಿನ್ ಎಂಬುದು ಉಸಿರು ಕಟ್ಟಿಸುವ ವಿಷವಾಯು. ಇವೆರಡೂ ಕೂಡಿದಾಗ ಅವುಗಳ ಉಗ್ರತೆಯು ಅಡಗುವುದೇಕೆ? ನಿಯಾನ್ ಎಂಬ ವಾಯುವು ಯಾವ ವಸ್ತುವಿನೊಡನೆಯೂ ಸೇರದೆ ಒಂಟಿಯಾಗಿರುವುದೇಕೆ? ಇದಕ್ಕೆ ಮಕ್ಕಳೂ ಗ್ರಹಿಸಬಲ್ಲ ಉತ್ತರವನ್ನು ಕೊಟ್ಟ ಮಹನೀಯರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಗಿಲ್ಬರ್ಟ್ ಲೂಯಿಸರು 1875ನೆಯ ಇಸವಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಜನಿಸಿದರು. ತಂದೆಯವರು ನ್ಯಾಯವಾದಿಗಳು. ಕುಟುಂಬವು ನೆಬ್ರಾಸ್ಕ ಪ್ರಾಂತಕ್ಕೆ ಹೋಗಿ ನೆಲಸಿದುದರಿಂದ ಬಾಲಕನು ಅಲ್ಲಿಯೇ ಬೆಳೆದನು. ಬಾಲ್ಯದಲ್ಲಿ ಅವನಿಗೆ ಪಾಠ ಹೇಳಿದವರು ಮನೆಯಲ್ಲಿ ತಾಯಿತಂದೆಗಳೇ. ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1899ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಜರ್ಮನಿಯ ಪಂಡಿತರಲ್ಲಿಯೂ ಕೆಲವು ಕಾಲ ಅಭ್ಯಾಸ ಮಾಡಿದರು.

1902ರಲ್ಲಿ ಲೂಯಿಸರು ಹಾರ್ವರ್ಡಿನಲ್ಲಿ ಪ್ರಾರಂಭದ ತರಗತಿಗಳಿಗೆ ರಸಾಯನ ಶಾಸ್ತ್ರವನ್ನು ಬೋಧಿಸುತ್ತಿದ್ದರು. ಪರಮಾಣುವಿನೊಳಗೆ ಎಲೆಕ್ಟ್ರಾನ್ ಎಂಬ ವಿದ್ಯುತ್ಕಣವಿದೆಯೆಂದು ತಿಳಿದು ಆಗ ಐದೇ ವರ್ಷಗಳಾಗಿದ್ದವು. ವಿದ್ಯಾರ್ಥಿಗಳಿಗೆ ವಿಷಯವನ್ನು ಸುಲಭಗೊಳಿಸುವುದಕ್ಕಾಗಿ ಅವರು ಪರಮಾಣುವನ್ನು ಪಗಡೆಯ ದಾಳದಂತಹ ಘನಾಕೃತಿಯಾಗಿ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಇರಿಸಿ ತೋರಿಸಿದರು. ಪಾಠಕ್ಕೆಂದು ಬರೆದ ಆ ಚಿತ್ರಗಳು ಹದಿನಾಲ್ಕು ವರ್ಷ ಅಚ್ಚನ್ನು ಕಾಣದೆ ಕಾಗದದಲ್ಲಿಯೇ ಉಳಿದವು. ಅಷ್ಟರಲ್ಲಿ ಅವರು ಮನಿಲಾ ನಗರದಲ್ಲಿಯೂ ಬಾಸ್ಟನ್ನಿನಲ್ಲಿಯೂ ಕೆಲಸ ಮಾಡಿ, 1912ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಗೆ ಬಂದರು. 1916ರಲ್ಲಿ ಆ ಭಾವನೆಯನ್ನು ಬೆಳೆಸಿ, ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದರಿಂದ ಬಂಧವುಂಟಾಗುವುದೆಂದು ಪ್ರಕಟಿಸಿದರು.

ಇದರ ಸಾರಾಂಶವಿಷ್ಟೆ: ಎಲೆಕ್ಟ್ರಾನುಗಳು ಪರಮಾಣುವಿನಲ್ಲಿ ಸುತ್ತುಸುತ್ತಾಗಿ ನೆಲೆಗೊಂಡಿವೆ. ವಸ್ತುವಿನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಹೊರಸುತ್ತಿನ ಎಲೆಕ್ಟ್ರಾನುಗಳು. ಸೋಡಿಯಮ್ಮಿನ 11 ಎಲೆಕ್ಟ್ರಾನುಗಳು 2, 8, 1 ಎಂದು ನಿಂತಿವೆ; ಕ್ಲೋರಿನ್ನಿನ 17 ಎಲೆಕ್ಟ್ರಾನುಗಳು 2, 8, 7 ಎಂದು ನಿಂತಿವೆ. ಮೊದಲನೆಯದು ಹೊರಗಿನ ಒಂದನ್ನು ಬಿಟ್ಟುಕೊಡಲು, ಎರಡನೆಯದು ಒಂದನ್ನು ಸೇರಿಸಿಕೊಳ್ಳಲು ಸಿದ್ಧವಾಗಿವೆ. ಕೊಟ್ಟು ಕೊಂಡ ಮೇಲೆ ಎರಡರ ಹೊರಸುತ್ತಿನಲ್ಲಿಯೂ ಎಂಟು ಪೂರ್ಣವಾಗಿ, ಉಗ್ರತೆ ಶಮನವಾಗುವುದು. ನಿಯಾನಿನ 10 ಎಲೆಕ್ಟ್ರಾನುಗಳು 2, 8 ಎಂದು ಮೊದಲೇ ತುಂಬಿರುವುದರಿಂದ ಅದಕ್ಕೆ ಯಾರ ಹಂಗೂ ಇಲ್ಲ. ಪರಮಾಣುವು ಘನಾಕೃತಿಯೆಂಬ ಊಹೆಯನ್ನು ವಿದ್ವಾಂಸರು ಮುಂದೆ ಕೈಬಿಟ್ಟರು. ಎಂಟರ ನಿಯಮಕ್ಕೂ ಅನೇಕ ಅಪವಾದಗಳುಂಟು. ಆದರೂ ಎಲೆಕ್ಟ್ರಾನುಗಳನ್ನು ಚುಕ್ಕೆಗಳಿಂದ ಗುರುತಿಸುವ ಲೂಯಿಸರ ರೀತಿಯು ಇಂದಿಗೂ ಲೋಕದ ಶಾಲೆಗಳಲ್ಲೆಲ್ಲ ನಡೆದುಬಂದಿದೆ.

ಬರ್ಕ್ಲಿಯಲ್ಲಿ ಅವರು ಮೊದಲನೆಯ ವರ್ಷದ ವಿದ್ಯಾರ್ಥಿಗಳ ಬೋಧನೆಯನ್ನು ಕಿರಿಯರಿಗೇ ಬಿಡದೆ, ಹಿರಿಯ ಪ್ರಾಧ್ಯಾಪಕರೂ ಅದರಲ್ಲಿ ಪಾಲುಗೊಳ್ಳುವಂತೆ ಏರ್ಪಡಿಸಿದರು. ಅವರ ಹೆಸರು ನೊಬೆಲ್ ಬಹುಮಾನಕ್ಕೆ ಅನೇಕ ಸಲ ಸೂಚಿತವಾದರೂ ಅದು ಅವರಿಗೆ ದೊರೆಯಲಿಲ್ಲ. ಅವರ ವಿಭಾಗದಲ್ಲಿ ಕಲಿತ ಯೂರಿಯವರಿಗೆ 1934ರಲ್ಲಿಯೂ, ಜಿಯೋಕ್‌ರಿಗೆ 1949ರಲ್ಲಿಯೂ, ಸೀಬೋರ್ಗ್‌ರಿಗೆ 1951ರಲ್ಲಿಯೂ ಅದೇ ಬಹುಮಾನ ಸಂದಿತು. 1946ನೆಯ ಮಾರ್ಚ್ 23ರಂದು ಲೂಯಿಸರು ತಮ್ಮ ಪ್ರಯೋಗಶಾಲೆಯಲ್ಲಿಯೇ ಪ್ರಾಣ ಬಿಟ್ಟರು.

ತಾಯಿತಂದೆಗಳೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದನ್ನು ಮನಸ್ಸಿನಲ್ಲಿ ಇಡಬೇಕೆಂದು ಬಯಸುತ್ತೇವೆ. ಈ ದೊಡ್ಡ ವಿಚಾರವು ಹುಟ್ಟಿದ್ದು ಬೆಲೆಬಾಳುವ ಯಂತ್ರದಿಂದಲ್ಲ. ಹೊಸದಾಗಿ ಕಲಿಯುವವರಿಗೆ ತಿಳಿಯಹೇಳಬೇಕೆಂಬ ಶ್ರದ್ಧೆಯಿಂದ. ನಿಮ್ಮ ಹೆಣ್ಣುಮಕ್ಕಳು ಏಕೆ ಎಂದು ಕೇಳಿದಾಗ ಗದರಿಸಿ ಸುಮ್ಮನಾಗಿಸದೆ, ಕಾಗದವನ್ನು ತೆಗೆದುಕೊಂಡು ಅವರೊಡನೆ ಕುಳಿತುಕೊಳ್ಳಿರಿ.