ಕಾರ್ಮಿಕಬಂಧು ರಾಬರ್ಟ್ ಓವೆನ್

ಹದಿನೆಂಟನೆಯ ಶತಮಾನದ ಅಂತ್ಯಭಾಗದಲ್ಲಿ ಎರಡು ಮಹಾಕ್ರಾಂತಿಗಳು ಯೂರೋಪಿನ ಜನಜೀವನವನ್ನು ಬುಡಸಹಿತ ಅಲುಗಿಸಿದವು. 1789ರಲ್ಲಿ ಫ್ರಾನ್ಸಿನಲ್ಲಿ ಮೊದಲಾದ ರಾಜಕೀಯ ಕ್ರಾಂತಿಯು ಮನುಷ್ಯರೆಲ್ಲರೂ ಸಮಾನರೆಂದು ಸಾರಿತು. ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಯಾದರೋ ಮನೆಮನೆಯ ರಾಟೆಯನ್ನು ಮೂಲೆಗೆ ತಳ್ಳಿ, ನೂಲುವವರನ್ನು ಗಿರಣಿಯ ಬಾಗಿಲಿಗೆ ಕರೆತಂದಿತು. ಎಳೆಯ ಮಕ್ಕಳು ಕೂಡ ದಿನಕ್ಕೆ ಹನ್ನೆರಡು ಹದಿಮೂರು ಗಂಟೆಗಳ ಕಾಲ ಯಂತ್ರಗಳ ನಡುವೆ ದುಡಿಯುತ್ತಿದ್ದರು. ಯಂತ್ರವು ಮನುಷ್ಯನ ಸೇವಕನೋ ಒಡೆಯನೋ ಎಂಬ ಪ್ರಶ್ನೆ ಆಗ ಉದ್ಭವಿಸಿತು. ಅದಕ್ಕೆ ತನ್ನ ಬಾಳಿನಿಂದಲೇ ಉತ್ತರ ಕೊಡಲು ಯತ್ನಿಸಿದವನು ರಾಬರ್ಟ್ ಓವೆನ್.

ಓವೆನ್ 1771ರ ಮೇ 14ರಂದು ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆಯು ಕುದುರೆಯ ಜೀನುಗಳನ್ನು ತಯಾರಿಸುತ್ತಿದ್ದನು. ಹತ್ತನೆಯ ವಯಸ್ಸಿಗೇ ಮನೆಯನ್ನು ಬಿಟ್ಟ ಬಾಲಕನು ಬಟ್ಟೆಯ ಅಂಗಡಿಗಳಲ್ಲಿ ದುಡಿದು, ಬಿಡುವಿನ ವೇಳೆಯಲ್ಲಿ ಪುಸ್ತಕಗಳನ್ನು ಓದಿ ಜ್ಞಾನವನ್ನು ಸಂಪಾದಿಸಿದನು. ಮುಂದೆ ಮ್ಯಾಂಚೆಸ್ಟರ್ ನಗರವನ್ನು ಸೇರಿ, ಇಪ್ಪತ್ತರ ಹರೆಯದಲ್ಲಿಯೇ ಸುಮಾರು 500 ಕೆಲಸಗಾರರಿದ್ದ ನೂಲಿನ ಗಿರಣಿಯೊಂದಕ್ಕೆ ವ್ಯವಸ್ಥಾಪಕನಾದನು.

ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿ ನ್ಯೂ ಲಾನಾರ್ಕ್ ಎಂಬ ಗಿರಣಿಯ ಗ್ರಾಮವಿತ್ತು. ನದಿಯ ನೀರಿನ ರಭಸದಿಂದಲೇ ಅಲ್ಲಿನ ಯಂತ್ರಗಳು ತಿರುಗುತ್ತಿದ್ದವು. ಪಾಲುದಾರರೊಡನೆ ಅದನ್ನು ಕೊಂಡ ಓವೆನ್ 1800ರಲ್ಲಿ ಆಡಳಿತವನ್ನು ವಹಿಸಿಕೊಂಡನು. ಹೊರಗಿನಿಂದ ಬಂದ ಈ ಹೊಸ ಒಡೆಯನನ್ನು ಕೆಲಸಗಾರರು ಮೊದಲು ನಂಬಲಿಲ್ಲ. ಕೆಲವು ವರ್ಷಗಳ ಅನಂತರ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ಅಮೆರಿಕವು ಹತ್ತಿಯ ರಫ್ತನ್ನು ತಡೆಯಿತು. ಗಿರಣಿಯು ನಾಲ್ಕು ತಿಂಗಳು ನಿಂತಿತು. ಓವೆನ್ ಒಬ್ಬರನ್ನೂ ಕೆಲಸದಿಂದ ತೆಗೆಯದೆ, ಎಲ್ಲರಿಗೂ ಪೂರ್ಣ ವೇತನವನ್ನು ಕೊಟ್ಟನು. ಅಂದಿನಿಂದ ಆತನು ಅವರ ವಿಶ್ವಾಸಕ್ಕೆ ಪಾತ್ರನಾದನು.

ಮನುಷ್ಯನ ಗುಣಾವಗುಣಗಳು ಆತನು ಬೆಳೆದ ಪರಿಸರದ ಫಲವೆಂಬುದು ಓವೆನ್ನನ ದೃಢವಾದ ನಂಬಿಕೆ. ಆದುದರಿಂದ ಹತ್ತು ವರ್ಷಕ್ಕಿಂತ ಕಿರಿಯರನ್ನು ಗಿರಣಿಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದನು. ದುಡಿಮೆಯ ಅವಧಿಯನ್ನು ದಿನಕ್ಕೆ ಸುಮಾರು ಹತ್ತೂವರೆ ಗಂಟೆಗಳಿಗೆ ಇಳಿಸಿದನು. ಒಳ್ಳೆಯ ಪದಾರ್ಥಗಳನ್ನು ಸುಲಭ ಬೆಲೆಗೆ ಮಾರುವ ಅಂಗಡಿಯನ್ನು ತೆರೆದನು. 1816ರಲ್ಲಿ ಆರಂಭವಾದ ಶಾಲೆಯಲ್ಲಿ ತೀರ ಚಿಕ್ಕ ಮಕ್ಕಳಿಗೂ ಸ್ಥಾನವಿತ್ತು. ಅಲ್ಲಿ ಬೆತ್ತದ ಭಯವಿರಲಿಲ್ಲ. ಭೂಪಟ, ಸಂಗೀತ, ನೃತ್ಯಗಳಿಗೆ ಪಾಠದೊಡನೆ ಎಡೆಯಿತ್ತು. ಇಷ್ಟಾದರೂ ಗಿರಣಿಗೆ ನಷ್ಟವಾಗಲಿಲ್ಲ, ಲಾಭವೇ ದೊರೆಯಿತು. ದೇಶವಿದೇಶಗಳ ಗಣ್ಯರು ಇದನ್ನು ನೋಡಲು ಬಂದರು.

ಒಂದು ಗ್ರಾಮದ ಹಿತದಿಂದ ಓವೆನ್ ತೃಪ್ತನಾಗಲಿಲ್ಲ. ಬಾಲಕಾರ್ಮಿಕರ ರಕ್ಷಣೆಗೆ ಕಾನೂನು ಬೇಕೆಂದು ಪಾರ್ಲಿಮೆಂಟಿನ ಸದಸ್ಯರನ್ನು ಒತ್ತಾಯಿಸಿದನು. ಗಿರಣಿಯ ಮಾಲೀಕರು ಬಲವಾಗಿ ವಿರೋಧಿಸಿದರು. 1819ರಲ್ಲಿ ಹೊರಬಂದ ಕಾನೂನು ಹತ್ತಿಯ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತಾದರೂ, ಅದನ್ನು ಜಾರಿಗೆ ತರಲು ತನಿಖಾಧಿಕಾರಿಗಳೇ ಇರಲಿಲ್ಲ. ಇದರಿಂದ ಆತನು ಬಹಳ ನೊಂದನು.

ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಸಮಾಜವನ್ನು ಕಟ್ಟಬೇಕೆಂದು ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನ ಪ್ರಾಂತದಲ್ಲಿ ನ್ಯೂ ಹಾರ್ಮನಿ ಎಂಬ ವಸತಿಯನ್ನು ಸ್ಥಾಪಿಸಿದನು. ಅಲ್ಲಿಗೆ ಬಂದವರಲ್ಲಿ ಒಮ್ಮತ ಮೂಡಲಿಲ್ಲ. ಎರಡು ಮೂರು ವರ್ಷಗಳಲ್ಲಿ ಆ ಪ್ರಯೋಗ ಮುರಿದುಬಿತ್ತು. ಆತನ ಸಂಪತ್ತಿನ ಬಹುಭಾಗ ಕರಗಿಹೋಯಿತು. 1834ರಲ್ಲಿ ಆತನ ನೇತೃತ್ವದಲ್ಲಿ ರೂಪುಗೊಂಡ ಕಾರ್ಮಿಕರ ಮಹಾಸಂಘವೂ ಬಾಳಲಿಲ್ಲ.

ಆದರೆ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. 1833ರ ಕಾನೂನು ಕಾರ್ಖಾನೆಗಳಿಗೆ ತನಿಖಾಧಿಕಾರಿಗಳನ್ನು ಒದಗಿಸಿತು. 1844ರಲ್ಲಿ ರಾಚ್‌ಡೇಲ್ ಪಟ್ಟಣದ 28 ಜನ ಕಾರ್ಮಿಕರು ಅಲ್ಪ ಬಂಡವಾಳದಿಂದ ಸಹಕಾರಿ ಅಂಗಡಿಯೊಂದನ್ನು ತೆರೆದರು. ಅವರಲ್ಲಿ ಹಲವರು ಓವೆನ್ನನ ಅನುಯಾಯಿಗಳು. ಆ ಪುಟ್ಟ ಅಂಗಡಿಯೇ ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾಯಿತು.

1858ರ ನವೆಂಬರ್ 17ರಂದು ಓವೆನ್ ತಾನು ಹುಟ್ಟಿದ ನ್ಯೂಟೌನಿನಲ್ಲಿಯೇ ಕೊನೆಯುಸಿರೆಳೆದನು. ಗಳಿಸಿದ ಹಣವೆಲ್ಲ ಕರಗಿತ್ತು. ಆದರೆ ಯಂತ್ರಕ್ಕೆ ತೋರುವ ಎಚ್ಚರಿಕೆಯನ್ನು ಅದನ್ನು ನಡೆಸುವ ಮನುಷ್ಯನಿಗೂ ತೋರಬೇಕೆಂಬ ಆತನ ತತ್ತ್ವ ಉಳಿಯಿತು.