ಚಿತ್ರಕಲಾವಿದ ಶ್ರೀ ಕೆ. ವೆಂಕಟಪ್ಪ (1886–1965)

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಿಂದ ಕಲಾವಿದರ ಮಾಸಾಶನ ಹಾಗೂ ಧನಸಹಾಯಕ್ಕಾಗಿ ಅರ್ಜಿ ಸಲ್ಲಿಸುವವರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ, ಸಾಂಪ್ರದಾಯಿಕ ಚಿತ್ರಗಾರ ಮನೆತನದಿಂದ ಬಂದು ರಾಷ್ಟ್ರಖ್ಯಾತಿ ಪಡೆದ ಶ್ರೀ ಕೆ. ವೆಂಕಟಪ್ಪನವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ ಅವರದು. ಗುಡಿಗಾರರ ಮನೆಗಳಲ್ಲಿ ಮಕ್ಕಳು ಉಳಿ ಹಿಡಿಯುವುದನ್ನು ಹಿರಿಯರಿಂದಲೇ ಕಲಿಯುವಂತೆ ಇವರಿಗೂ ಮನೆಯೇ ಮೊದಲ ಪಾಠಶಾಲೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪ್ರೋತ್ಸಾಹದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು, ಪರ್ಸಿ ಬ್ರೌನ್ ಮುಖ್ಯಸ್ಥರು, ನಂದಲಾಲ್ ಬೋಸ್ ಸಹಪಾಠಿ. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ರಚಿಸಿಕೊಟ್ಟಾಗ ಅವರಿನ್ನೂ ವಿದ್ಯಾರ್ಥಿ. 1916ರಲ್ಲಿ ಮೈಸೂರಿಗೆ ಹಿಂದಿರುಗಿದರು.

ದಂತದ ತೆಳುಹಾಳೆಯ ಮೇಲೆ ಸೂಕ್ಷ್ಮ ಭಾವಚಿತ್ರಗಳನ್ನು ಬರೆಯುವುದರಲ್ಲಿ ಅವರು ಸಿದ್ಧಹಸ್ತರು. ಆದರೆ ಅವರ ಶ್ರೇಷ್ಠ ಸಾಧನೆ ಊಟಿ ಮತ್ತು ಕೊಡೈಕನಾಲ್ ಭೂದೃಶ್ಯಗಳೆಂದೇ ಹೇಳಬೇಕು. ಬೆಳಗಿನ ಬಿಸಿಲು, ಮುಂಗಾರಿನ ಮೋಡ, ಬೆಳದಿಂಗಳು ಒಂದೇ ಬೆಟ್ಟವನ್ನು ಹೇಗೆ ಬೇರೆ ಬೇರೆಯಾಗಿ ಕಾಣಿಸುತ್ತವೆ ಎಂಬುದನ್ನು ಜಲವರ್ಣದಲ್ಲಿ ದಾಖಲಿಸಿದರು. ಫ್ರಾನ್ಸಿನ ಇಂಪ್ರೆಷನಿಸ್ಟ್ ಕಲಾವಿದ ಮೋನೆ ಹುಲ್ಲಿನ ಬಣವೆಗಳನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಚಿತ್ರಿಸಿದ್ದು 1890–91ರಲ್ಲಿ. ಬೆಳಕಿನ ಮೇಲಿನ ಗಮನ ಇಬ್ಬರದೂ ಒಂದೇ, ವಿಧಾನ ಮಾತ್ರ ಬೇರೆ. ಮೋನೆಯ ಕುಂಚದ ಗೆರೆಗಳು ಎದ್ದು ಕಾಣುತ್ತವೆ. ವೆಂಕಟಪ್ಪನವರ ಚಿತ್ರದಲ್ಲಿ ಕುಂಚ ಆಡಿದ ಗುರುತೇ ಸಿಗುವುದಿಲ್ಲ. ಆಗುಂಬೆಯ ಅಥವಾ ಕೊಡಚಾದ್ರಿಯ ಮಂಜು ಕಂಡಿರುವ ನಮ್ಮ ಭಾಗದವರಿಗೆ ಈ ಚಿತ್ರಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಕಲಿಕೆಯ ಭರದಲ್ಲಿ ಚಿತ್ರಕಲೆಯೇ ಹಿಂದೆ ಬಿದ್ದ ಕಾಲವೂ ಉಂಟು. ಅವಿವಾಹಿತರಾಗಿಯೇ ಉಳಿದ ಅವರು ದಿನಚರಿಯನ್ನು ತಪ್ಪದೆ ಬರೆದಿಡುತ್ತಿದ್ದರು. ಮೈಸೂರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ನಿರ್ಮಿಸುವ ಕಾರ್ಯವನ್ನೂ ಕೈಗೊಂಡರು.

1940ರಲ್ಲಿ ಮಹಾರಾಜರು ನಿಧನರಾದರು. ಅರಮನೆಯ ಕೆಲಸದ ಸಂಭಾವನೆ ಕುರಿತು ವಿವಾದ ಉಂಟಾಗಿ ವೆಂಕಟಪ್ಪನವರು ನ್ಯಾಯಾಲಯದ ಮೊರೆ ಹೋದರು. ಲೆಕ್ಕಪತ್ರ ನೋಡುವವರಿಗೆ ಈ ಪ್ರಸಂಗ ಮನಸ್ಸಿನಲ್ಲಿ ಉಳಿಯುತ್ತದೆ: ಮಾಡಿದ ಕೆಲಸ ಕಣ್ಣೆದುರಿಗಿತ್ತು, ವಹಿಸಿದ ಪ್ರಭುಗಳು ಮಾತ್ರ ಇರಲಿಲ್ಲ. ಆಶ್ರಯ ನೀಡಿದ ಸಂಸ್ಥಾನದ ಎದುರೇ ಒಬ್ಬ ಕಲಾವಿದ ತನ್ನ ಶ್ರಮದ ಬೆಲೆ ಕೇಳಿ ನಿಂತದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಅನಂತರದ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಏಕಾಂತವಾಗಿ ಕಳೆದು, 1965ರಲ್ಲಿ ನಿಧನರಾದರು.

ಅವರು ಉಳಿಸಿಹೋದ ಕೃತಿಗಳು ಸರ್ಕಾರದ ಸಂಗ್ರಹಕ್ಕೆ ಸೇರಿದವು. ಇವುಗಳಿಗಾಗಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, 1970ರ ದಶಕದಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ತೆರೆಯಲಾಯಿತು.