ಝಾನ್ ಮಾರ್ಟಿನ್ ಶಾರ್ಕೊ

ಝಾನ್ ಮಾರ್ಟಿನ್ ಶಾರ್ಕೊ (29 ನವೆಂಬರ್ 1825 – 16 ಆಗಸ್ಟ್ 1893) ಫ್ರಾನ್ಸಿನ ಪ್ರಸಿದ್ಧ ವೈದ್ಯರು ಹಾಗೂ ಪ್ರಾಧ್ಯಾಪಕರು. ಆಧುನಿಕ ನರರೋಗಶಾಸ್ತ್ರದ ಸ್ಥಾಪಕರಲ್ಲೊಬ್ಬರೆಂದು ಇವರು ಖ್ಯಾತರು. ಪಿತ್ತನಾಳಗಳ ಸೋಂಕನ್ನು (ಕೊಲಾಂಜೈಟಿಸ್) ಗುರುತಿಸಲು ನೆರವಾಗುವ ಮೂರು ಲಕ್ಷಣಗಳೂ ಇವರ ಹೆಸರಿನಲ್ಲಿಯೇ ಪ್ರಚಲಿತವಾಗಿವೆ.

ಜೀವನ

ಶಾರ್ಕೊ ಅವರು ಪ್ಯಾರಿಸ್ಸಿನಲ್ಲಿ ಗಾಡಿ ತಯಾರಕರೊಬ್ಬರ ಮಗನಾಗಿ ಜನಿಸಿದರು. 1853ರಲ್ಲಿ ಸಂಧಿವಾತವನ್ನು ಕುರಿತ ಪ್ರಬಂಧಕ್ಕೆ ವೈದ್ಯಕೀಯ ಪದವಿ ಪಡೆದರು. 1862ರಲ್ಲಿ ಸಾಲ್ಪೆತ್ರಿಯೇರ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ದೀರ್ಘಕಾಲದ ಕಾಯಿಲೆಗಳಿಂದ ಬಳಲುತ್ತಿದ್ದ ಸಾವಿರಾರು ಬಡ ಹಾಗೂ ವೃದ್ಧ ಮಹಿಳೆಯರಿಗೆ ಅದು ಆಶ್ರಯವಾಗಿತ್ತು. ರೋಗಿ ಬದುಕಿರುವಾಗ ಕಂಡ ಲಕ್ಷಣಗಳನ್ನು ದಾಖಲಿಸಿ, ಮರಣಾನಂತರದ ಪರೀಕ್ಷೆಯಲ್ಲಿ ಕಂಡ ಅಂಗವಿಕಾರಗಳೊಂದಿಗೆ ಹೋಲಿಸುವುದು ಇವರ ಅಧ್ಯಯನ ಕ್ರಮವಾಗಿತ್ತು. 1872ರಲ್ಲಿ ರೋಗಾಂಗರಚನಾಶಾಸ್ತ್ರದ, 1882ರಲ್ಲಿ ನರಮಂಡಲ ರೋಗಗಳ ಪ್ರಾಧ್ಯಾಪಕರಾದರು. ಸಿಗ್ಮಂಡ್ ಫ್ರಾಯ್ಡ್, ಜೋಸೆಫ್ ಬಾಬಿನ್‌ಸ್ಕಿ ಮೊದಲಾದವರು ಇವರ ಬಳಿ ಅಧ್ಯಯನ ಮಾಡಿದರು.

ಪಿತ್ತನಾಳದ ಸೋಂಕು

ಯಕೃತ್ತು, ಪಿತ್ತನಾಳ ಹಾಗೂ ಮೂತ್ರಪಿಂಡಗಳ ರೋಗಗಳನ್ನು ಕುರಿತ ಉಪನ್ಯಾಸಗಳಲ್ಲಿ ಶಾರ್ಕೊ ಅವರು 1877ರಲ್ಲಿ ಯಕೃತ್ತಿನ ಜ್ವರವೊಂದನ್ನು ವಿವರಿಸಿದರು. ನಡುಕದೊಂದಿಗೆ ಬಿಟ್ಟುಬಿಟ್ಟು ಬರುವ ಚಳಿಜ್ವರ, ಕಾಮಾಲೆ ಮತ್ತು ಹೊಟ್ಟೆಯ ಬಲಮೇಲ್ಭಾಗದ ನೋವು ಇದರ ಲಕ್ಷಣಗಳು. ಇವುಗಳನ್ನು ಒಟ್ಟಾಗಿ ಶಾರ್ಕೊ ತ್ರಿಲಕ್ಷಣ ಎನ್ನುತ್ತಾರೆ. ನಾಳದಲ್ಲಿ ಪಿತ್ತರಸ ತಡೆಗೊಂಡು ನಿಲ್ಲುವುದೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ಪಿತ್ತಗಲ್ಲು, ಗೆಡ್ಡೆ ಅಥವಾ ನಾಳದ ಸಂಕೋಚನದಿಂದ ಪಿತ್ತರಸದ ಹರಿವು ನಿಂತಾಗ ಅದರಲ್ಲಿ ಬ್ಯಾಕ್ಟೀರಿಯಾಗಳು ವೃದ್ಧಿಯಾಗುತ್ತವೆ. ಒಳ ಒತ್ತಡ ಹೆಚ್ಚಿದಂತೆ ಅವು ರಕ್ತವನ್ನು ಸೇರುತ್ತವೆ.

1959ರಲ್ಲಿ ರೇನಾಲ್ಡ್ಸ್ ಮತ್ತು ಡಾರ್ಗನ್ ಎಂಬ ವೈದ್ಯರು ಈ ಮೂರಕ್ಕೆ ರಕ್ತದೊತ್ತಡದ ಕುಸಿತ ಹಾಗೂ ಪ್ರಜ್ಞೆಯ ಏರುಪೇರುಗಳನ್ನು ಸೇರಿಸಿದರು. ಇವು ಸೋಂಕು ಪ್ರಾಣಾಪಾಯದ ಹಂತ ತಲುಪಿರುವುದರ ಸೂಚನೆಗಳು.

ಇಂದಿನ ಸ್ಥಾನ

ಮೂರು ಲಕ್ಷಣಗಳೂ ಒಟ್ಟಿಗೆ ಕಂಡರೆ ಪಿತ್ತನಾಳದ ಸೋಂಕಿನ ಸಂಶಯ ಬಲವಾಗುತ್ತದೆ. ಆದರೆ ಅನೇಕ ರೋಗಿಗಳಲ್ಲಿ ಇವೆಲ್ಲವೂ ಕಾಣಿಸುವುದಿಲ್ಲ. ವಿಶೇಷವಾಗಿ ವೃದ್ಧರಲ್ಲಿ ನೋವು ಅಥವಾ ಜ್ವರ ಅಲ್ಪವಾಗಿರಬಹುದು. ಆದ್ದರಿಂದ ತ್ರಿಲಕ್ಷಣವಿಲ್ಲವೆಂಬ ಕಾರಣಕ್ಕೆ ರೋಗವಿಲ್ಲವೆಂದು ನಿರ್ಧರಿಸುವಂತಿಲ್ಲ. 2007ರಲ್ಲಿ ಪ್ರಕಟವಾಗಿ, 2013 ಮತ್ತು 2018ರಲ್ಲಿ ಪರಿಷ್ಕೃತವಾದ ಟೋಕಿಯೊ ಮಾರ್ಗಸೂಚಿಯು ಮೂರು ಆಧಾರಗಳನ್ನು ಪರಿಗಣಿಸುತ್ತದೆ: ಜ್ವರ ಅಥವಾ ರಕ್ತಪರೀಕ್ಷೆಯಲ್ಲಿ ಕಾಣುವ ಉರಿಯೂತ; ಕಾಮಾಲೆ ಅಥವಾ ಯಕೃತ್ತಿನ ಪರೀಕ್ಷೆಗಳಲ್ಲಿನ ವ್ಯತ್ಯಾಸ; ಸ್ಕ್ಯಾನಿಂಗ್‌ನಲ್ಲಿ ಕಾಣುವ ಹಿಗ್ಗಿದ ನಾಳ ಅಥವಾ ಅದರ ಅಡಚಣೆಯ ಕಾರಣ. ಮೂರೂ ದೊರೆತರೆ ರೋಗ ಖಚಿತ. ಮೊದಲನೆಯದರೊಂದಿಗೆ ಉಳಿದೆರಡರಲ್ಲಿ ಒಂದಿದ್ದರೂ ಶಂಕಿತ. ಶಾರ್ಕೊ ಅವರ ಕಾಲದಲ್ಲಿ ಆ್ಯಂಟಿಬಯೋಟಿಕ್‌ಗಳಿರಲಿಲ್ಲ. ಇಂದು ಅವುಗಳ ಜೊತೆಗೆ ಎಂಡೋಸ್ಕೋಪಿಯ ಮೂಲಕ ತಡೆಗೊಂಡ ಪಿತ್ತರಸವನ್ನು ಹೊರಹರಿಸಲು ಸಾಧ್ಯವಿರುವುದರಿಂದ, ರೋಗವನ್ನು ಬೇಗ ಗುರುತಿಸುವುದು ಜೀವ ಉಳಿಸುತ್ತದೆ.

ನಿಧನ

1893ರ ಆಗಸ್ಟ್ 16ರಂದು ಫ್ರಾನ್ಸಿನ ಮೊರ್ವಾನ್ ಪ್ರದೇಶದಲ್ಲಿ ಪ್ರವಾಸದಲ್ಲಿದ್ದಾಗ ಶಾರ್ಕೊ ಅವರು ನಿಧನರಾದರು. ಧ್ರುವಪ್ರದೇಶಗಳ ಅನ್ವೇಷಕರೆಂದು ಹೆಸರಾದ ಝಾನ್ ಬಾಪ್ಟಿಸ್ಟ್ ಶಾರ್ಕೊ ಇವರ ಪುತ್ರರು.